ಕೊಸರಿಗೆ ಕಾಲಂ ಇರಲಿಲ್ಲ

ಶಿಡ್ಲಘಟ್ಟದ ಸ್ಟೇಷನ್ನಿನಲ್ಲಿ ಸಣ್ಣ ರೈಲು ನಿಲ್ಲುವುದಕ್ಕೆ ಮೊದಲೇ ಆ ವಾಸನೆ ಡಬ್ಬಿಯೊಳಕ್ಕೆ ಬಂದು ಕೂತಿತು. ರೇಷ್ಮೆಗೂಡು ಬೇಯುವ ವಾಸನೆ. ಎದುರಿಗಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, ಇದಕ್ಕೆ ನಾನೇ ಕಾರಣ ಎಂಬಂತೆ ನನ್ನನ್ನು ನೋಡಿದಳು. ನನಗೋ ಹೊಟ್ಟೆ ಚುರ್ ಎಂದಿತು. ಹದಿಮೂರು ವರ್ಷದ ಹಿಂದೆ ಒಂದು ವರ್ಷವಿಡೀ ಈ ವಾಸನೆಯ ನಡುವೆ ಕೂತು ಮುದ್ದೆ ಉಂಡವನು ನಾನು. ಮೂಗು ಮರೆತರೂ ಹೊಟ್ಟೆ ಮರೆತಿರಲಿಲ್ಲ.

ತೊಡೆಯ ಮೇಲೆ ಆವತ್ತಿನ ಪತ್ರಿಕೆ ಇತ್ತು. ಕಳೆದ ತಿಂಗಳು ದೇಶದಲ್ಲಿ ಬೆಲೆಗಳು ಹೇಳಿಕೊಳ್ಳುವಂತೇನೂ ಏರಿಲ್ಲ ಎಂದು ಮೂಲೆಯಲ್ಲಿ ನಾಲ್ಕು ಸಾಲು. ಬೇರೆಯವರಾದರೆ ಓದಿ ಸಮಾಧಾನಪಡುತ್ತಿದ್ದರು. ನಾನು ಓದಿ ಚಿಂತೆಗೆ ಬಿದ್ದೆ. ಈ ಅಂಕಿಯನ್ನು ಬರೆದುಕೊಟ್ಟ ಗುಮಾಸ್ತ ಯಾವ ಊರಿನಲ್ಲಿದ್ದಾನೋ, ಯಾರ ಮನೆಯಲ್ಲಿ ಉಣ್ಣುತ್ತಾನೋ, ಅಡುಗೆ ಮಾಡಿ ಬಡಿಸುವ ಆ ತಾಯಿ ಆಮೇಲೆ ಏನು ಉಣ್ಣುತ್ತಾಳೋ.

ನಾನು ಹೊರಟಿದ್ದದ್ದು ಚಿಂತಾಮಣಿಗೆ, ಷಡ್ಡಕನ ಮನೆಯ ಗೃಹಪ್ರವೇಶಕ್ಕೆ. ಶಿಡ್ಲಘಟ್ಟದಲ್ಲಿ ಇಳಿಯುವ ಯೋಚನೆಯೇ ಇರಲಿಲ್ಲ. ನಿಜ ಹೇಳಬೇಕೆಂದರೆ, ಇಷ್ಟು ವರ್ಷ ಈ ಊರಿನಲ್ಲಿ ಇಳಿಯದೇ ಇದ್ದದ್ದೇ ಒಂದು ಭಯದಿಂದ. ಈ ಊರಿನ ಒಂದು ಮನೆಯಲ್ಲಿ ನನ್ನ ಕೈಬರಹದ ಒಂದು ಕಾಗದವಿತ್ತು. ಅದು ಯಾರಾದರೂ ದೊಡ್ಡವರ ಕೈಗೆ ಸಿಕ್ಕಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು ಎಂದು ಹದಿಮೂರು ವರ್ಷ ಅಂಜಿದ್ದೆ. ಆದರೂ ಆ ವಾಸನೆಗೆ ಕಾಲು ತಾನಾಗಿ ಎದ್ದಿತು. ಗೃಹಪ್ರವೇಶಕ್ಕೆಂದು ಒಯ್ಯುತ್ತಿದ್ದ ಬಾಳೆಗೊನೆಯ ಸಮೇತ ಇಳಿದುಬಿಟ್ಟೆ.

ನಾನು ಈ ಊರಿನಲ್ಲಿದ್ದದ್ದು ನಯಾಪೈಸೆ ಬರುವುದಕ್ಕೆ ಹಿಂದಿನ ವರ್ಷ. ಇನ್ನೂ ಆಣೆ ಇತ್ತು, ಸೇರು ಇತ್ತು. ನನಗೆ ಆಗ ಇಪ್ಪತ್ತೆಂಟು, ಮದುವೆ ಆಗಿರಲಿಲ್ಲ. ಕೆಲಸ ಬೆಲೆ ಬರೆಯುವುದು. ಸಂತೆಯ ದಿನ ಸಂತೆಗೆ ಹೋಗಬೇಕು, ಪಟ್ಟಿಯಲ್ಲಿರುವ ರಾಗಿ, ಅಕ್ಕಿ, ತೊಗರಿಬೇಳೆ, ಕಡಲೆಕಾಯಿ ಎಣ್ಣೆ, ಬೆಲ್ಲ, ಸೀಮೆಎಣ್ಣೆ, ಸೌದೆ ಇವುಗಳ ಬೆಲೆ ಕೇಳಬೇಕು, ನಮೂನೆಯಲ್ಲಿ ತುಂಬಬೇಕು, ತಿಂಗಳ ಕೊನೆಗೆ ಕೋಲಾರಕ್ಕೆ ಕಳಿಸಬೇಕು. ನಿಯಮಗಳು ಕಟ್ಟುನಿಟ್ಟು. ಪ್ರತಿ ಸಲವೂ ಅದೇ ಅಂಗಡಿ, ಅದೇ ಮಾಲು, ಅದೇ ಹೊತ್ತು. ಚೌಕಾಸಿ ಮಾಡಕೂಡದು. ಅವರು ಹೇಳಿದ್ದನ್ನು ಬರೆಯುವುದಷ್ಟೇ ಕೆಲಸ. ನಮೂನೆಯ ಕೊನೆಯಲ್ಲಿ 'ಷರಾ' ಎಂಬ ಒಂದು ಸಣ್ಣ ಕಾಲಂ ಇತ್ತು. ಅದನ್ನು ಖಾಲಿ ಬಿಡುವವನೇ ಒಳ್ಳೆಯ ಗುಮಾಸ್ತ ಎಂದು ಕೆಲಸ ಕಲಿಸಿದವರು ಹೇಳಿದ್ದರು.

ಹುಟ್ಟಾ ಚಿಂತೆಯ ಮನುಷ್ಯನಿಗೆ ಇಂಥ ಕೆಲಸ ಸಿಕ್ಕಿತು ನೋಡಿ. ಪೆನ್ಸಿಲ್ಲಿನ ಮೊನೆ ಮುರಿದರೆ ಎಂದು ಮೂರು ಪೆನ್ಸಿಲ್ಲು ಇಟ್ಟುಕೊಳ್ಳುತ್ತಿದ್ದೆ. ಮಳೆ ಬಂದು ಕಾಗದ ನೆನೆದರೆ ಎಂದು ಎಣ್ಣೆಬಟ್ಟೆಯ ಚೀಲ ಹೊಲಿಸಿದ್ದೆ. ಆ ವರ್ಷ ಮುಂಗಾರು ಬರಲೇ ಇಲ್ಲವೆಂಬುದು ಬೇರೆ ಮಾತು. ಜ್ಯೇಷ್ಠ ಹೋಯಿತು, ಆಷಾಢದ ಗಾಳಿ ಬೀಸಿ ಬೀಸಿ ಮೋಡಗಳನ್ನೆಲ್ಲ ಅಂಬಾಜಿದುರ್ಗದ ಆಚೆಗೆ ತಳ್ಳಿಕೊಂಡು ಹೋಯಿತು. ನನ್ನ ಎಣ್ಣೆಬಟ್ಟೆಯ ಚೀಲವನ್ನು ನೋಡಿ ಸಂತೆಯವರು ನಗುತ್ತಿದ್ದರು.

ಊಟ ಮತ್ತು ವಾಸ ವೆಂಕಟರಮಣಪ್ಪನವರ ಮನೆಯಲ್ಲಿ. ಮಂಡಿಕಲ್ ಕಡೆಯ ಹೊಲವನ್ನು ಅಣ್ಣನಿಗೆ ಬಿಟ್ಟು ಬಂದು, ರೇಷ್ಮೆ ಬಿಚ್ಚುವ ಒಂದು ಶೆಡ್ಡಿನಲ್ಲಿ ಮೇಸ್ತ್ರಿಯಾಗಿ ಸಂಬಳಕ್ಕಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಹೇಳಿದ ಮಾತನ್ನು ಹಿಂದೆಗೆಯದವರು, ಅದರಿಂದಲೇ ಕಷ್ಟಕ್ಕೆ ಬೀಳುವವರು. ಅವರ ಹೆಂಡತಿ ಲಕ್ಷ್ಮಮ್ಮನವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನಾನು ಆ ಮನೆಗೆ ಸೇರಿದ ತಿಂಗಳೇ ಅವರಿಗೆ ಹೆಣ್ಣು ಮಗು ಹುಟ್ಟಿತ್ತು.

ಊಟದ ಹಣದ ಮಾತು ಬಂದಾಗ ವೆಂಕಟರಮಣಪ್ಪನವರೇ ಒಂದು ಏರ್ಪಾಟು ಹೇಳಿದರು.

"ನೋಡಿ ಗುಮಾಸ್ತರೇ, ನಾವು ಉಣ್ಣೋದು ರಾಗಿ. ರಾಗಿ ರೇಟು ಬರೆಯೋರು ನೀವು. ನಿಮ್ಮ ಕಾಗದದಲ್ಲಿ ರಾಗಿ ಏರಿದ ತಿಂಗಳು ನಾನೂ ಏರಿಸ್ತೀನಿ. ಇಳಿದ ತಿಂಗಳು ಇಳಿಸ್ತೀನಿ. ನನಗೂ ಕೇಳೋ ಸಂಕೋಚ ಇಲ್ಲ, ನಿಮಗೂ ಕೊಡೋ ಸಂಕಟ ಇಲ್ಲ. ಏನಂತೀರಿ?"

ನಾನು ಹಿಗ್ಗಿಹೋದೆ. ನನ್ನ ಕಾಗದವನ್ನು ನಂಬಿದ ಮೊದಲ ಮನುಷ್ಯ ಅವರು. ಬಹುಶಃ ಕೊನೆಯವರೂ ಅವರೇ.

ಸಂತೆಯಲ್ಲಿ ನನ್ನ ರಾಗಿಯ ಅಂಗಡಿಯೆಂದರೆ ಅಂಜಿನಮ್ಮ. ಅಂಗಡಿ ಎಂದರೆ ಒಂದು ಗೋಣಿತಾಟು, ಅದರ ಮೇಲೆ ರಾಗಿಯ ರಾಶಿ, ಪಕ್ಕದಲ್ಲಿ ಹಿತ್ತಾಳೆಯ ಕಟ್ಟು ಹಾಕಿದ ಮರದ ಸೇರು. ಆಕೆ ಅಳೆಯುವುದನ್ನು ನೋಡಬೇಕು. ಸೇರನ್ನು ರಾಶಿಗೆ ತುರುಕಿ ಎತ್ತಿದರೆ ಮೇಲೆ ಗೋಪುರ ನಿಂತಿರುತ್ತಿತ್ತು. ಅದನ್ನು ಕೊಳ್ಳುವವರ ಚೀಲಕ್ಕೆ ಸುರಿದು, "ಇದು ದೇವರಿಗೆ, ಇದು ಮನೆಗೆ, ಇದು ಕೂಸಿಗೆ" ಎಂದು ಮೂರು ಹಿಡಿ ಮೇಲೆ ಹಾಕುತ್ತಿದ್ದಳು. ಕೊಸರು. ಕೊಡುವವರಿಗೂ ಲೆಕ್ಕವಿಲ್ಲ, ಇಸಿದುಕೊಳ್ಳುವವರಿಗೂ ಲೆಕ್ಕವಿಲ್ಲ. ಬೆಲೆ ಕೇಳುವ ನನಗಂತೂ ಅದು ಕಣ್ಣಿಗೆ ಬಿದ್ದರೂ ಗಮನಕ್ಕೆ ಬಂದಿರಲಿಲ್ಲ. ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲವಲ್ಲ.

"ಏಮಿ ಸಾಮೀ, ಬಂದ್ರಾ?" ಎನ್ನುತ್ತಿದ್ದಳು ನನ್ನನ್ನು ಕಂಡೊಡನೆ.

"ರಾಗಿ ಹೇಗಮ್ಮ ಈವತ್ತು?"

"ನಾಲ್ಕಾಣೆ ಸಾಮಿ. ಹೋದ ವಾರಾನೂ ಅದೇ, ಬರೋ ವಾರಾನೂ ಅದೇ. ನೀವು ಸುಮ್ಮನೆ ಬಿಸಿಲಲ್ಲಿ ಯಾಕೆ ಬರ್ತೀರಿ? ಮನೇಲಿ ಕೂತು ಬರ್ಕೊಳ್ಳಿ."

ಶ್ರಾವಣ ಬಂತು, ನಾಲ್ಕಾಣೆ. ಭಾದ್ರಪದ ಬಂತು, ನಾಲ್ಕಾಣೆ. ಎಣ್ಣೆ ಅರ್ಧಾಣೆ ಏರಿ ಇಳಿಯಿತು, ಬೆಲ್ಲವೂ ಹಾಗೇ ಆಡಿತು. ರಾಗಿ ಮಾತ್ರ ಕಲ್ಲಿನ ಹಾಗೆ ನಿಂತಿತ್ತು. ಮಳೆಯಿಲ್ಲದ ವರ್ಷದಲ್ಲೂ ಶಿಡ್ಲಘಟ್ಟದಲ್ಲಿ ಬೆಲೆ ಸ್ಥಿರವಾಗಿರುವುದು ಸಂತೋಷದ ವಿಷಯವೆಂದು ಕೋಲಾರದಿಂದ ಕಾಗದ ಬಂತು. ನಾನೇ ರಾಗಿಯನ್ನು ಹಿಡಿದು ನಿಲ್ಲಿಸಿದ್ದೇನೆ ಎಂಬಂತೆ ಎರಡು ದಿನ ಎದೆಯುಬ್ಬಿಸಿ ಓಡಾಡಿದೆ. ಮೂರನೆಯ ದಿನ, ಇಷ್ಟು ಹೆಮ್ಮೆ ಒಳ್ಳೆಯದಲ್ಲವೇನೋ ಎಂದು ಚಿಂತೆ ಹತ್ತಿತು.

ಆ ಹೊತ್ತಿಗೆ ಮನೆಯಲ್ಲಿ ಮಗುವಿನ ಅಳು ಶುರುವಾಗಿತ್ತು. ರಚ್ಚೆ ಹಿಡಿದ ಗಟ್ಟಿ ಅಳುವಲ್ಲ. ಬೆಕ್ಕಿನ ಮರಿಯ ಹಾಗೆ ಸಣ್ಣಗೆ, ಬಿಡದೆ. ಐದು ತಿಂಗಳಾದರೂ ಕೈಕಾಲು ತುಂಬಿಕೊಂಡಿರಲಿಲ್ಲ. "ಸೆಕೆಗೆ ಕಣಪ್ಪ" ಎನ್ನುತ್ತಿದ್ದರು ಅಕ್ಕ. ನಾನು ಸುಮ್ಮನಿರುವವನೇ? ಗ್ರೈಪ್ ವಾಟರ್ ತಂದೆ. ಗೂಡು ಬೇಯುವ ವಾಸನೆ ಕೂಸಿಗೆ ಒಗ್ಗದಿರಬಹುದೆಂದು ವೆಂಕಟರಮಣಪ್ಪನವರಿಗೆ ಉಪನ್ಯಾಸ ಕೊಟ್ಟೆ. "ಈ ಊರಲ್ಲಿ ಹುಟ್ಟಿದ ಮಕ್ಕಳೆಲ್ಲ ಇದೇ ವಾಸನೇಲಿ ಬೆಳೆದಿದಾವೆ ಗುಮಾಸ್ತರೇ" ಎಂದು ಅವರು ನಕ್ಕರು. ಆದರೆ ನಗುವಾಗಲೂ ಕಣ್ಣು ತೊಟ್ಟಿಲ ಮೇಲೇ ಇತ್ತು. ಕೊನೆಗೆ ವಿದುರಾಶ್ವತ್ಥದಲ್ಲಿದ್ದ ನನ್ನ ತಾಯಿಗೆ ಉದ್ದದ ಕಾಗದ ಬರೆದೆ.

ಅಮ್ಮನ ಉತ್ತರ ಒಂದು ಕಾರ್ಡಿನಲ್ಲಿ ಮುಗಿದಿತ್ತು. "ಗ್ರೈಪ್ ವಾಟರ್ ವಿಷಯ ಎರಡು ಪುಟ ಬರೆದಿದ್ದೀಯ. ಆ ಬಾಣಂತಿ ಏನು ಉಣ್ಣುತ್ತಾಳೆ ಅಂತ ಒಂದು ಸಾಲೂ ಇಲ್ಲ."

ನನಗೆ ಗೊತ್ತೇ ಇರಲಿಲ್ಲ. ಬೆಳಗ್ಗೆ ನಾನೂ ವೆಂಕಟರಮಣಪ್ಪನವರೂ ಉಂಡು ಹೊರಟುಬಿಡುತ್ತಿದ್ದೆವು. ಅಕ್ಕ ಉಣ್ಣುತ್ತಿದ್ದದ್ದು ಆಮೇಲೆ. ಮಾರನೆಯ ದಿನ ತಲೆನೋವಿನ ನೆಪ ಹೇಳಿ ಅರ್ಧ ಗಂಟೆಯಲ್ಲೇ ಮನೆಗೆ ವಾಪಸ್ಸಾದೆ. ಅಕ್ಕ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು, ತೊಡೆಯ ಮೇಲೆ ಮಗು. ತಟ್ಟೆಯಲ್ಲಿದ್ದದ್ದು ನಿಂಬೆಹಣ್ಣಿನಷ್ಟು ಮುದ್ದೆ. ಸಾರು ಬೇಕಾದಷ್ಟಿತ್ತು. ಆ ಇಷ್ಟೇ ಇಷ್ಟು ಮುದ್ದೆಯನ್ನು ಚೂರು ಚೂರೇ ಮುರಿದು, ಬಟ್ಟಲುಗಟ್ಟಲೆ ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ನನಗೆ ಆಗತಾನೇ ಬಡಿಸಿದ್ದು ಎರಡು ದೊಡ್ಡ ಮುದ್ದೆ.

"ಅಕ್ಕಾ, ರಾಗಿ ಮುಗಿದುಹೋಗಿತ್ತಾ?"

ಅವರು ಬೆಚ್ಚಿ ತಟ್ಟೆಯನ್ನು ಸೆರಗಿನ ಮರೆಗೆ ಎಳೆದುಕೊಂಡರು. "ಮುಗಿದಿಲ್ಲಪ್ಪ. ವಾರಕ್ಕೆ ಎಂಟು ಸೇರು ತರ್ತಾನೇ ಇದೀನಿ. ಅದೇ ದುಡ್ಡು, ಅದೇ ಎಂಟು ಸೇರು."

"ಮತ್ತೆ?"

ಅವರು ಮೂಲೆಯಲ್ಲಿದ್ದ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬವನ್ನು ತೋರಿಸಿದರು. "ಮೊದಲು ಎಂಟು ಸೇರು ತಂದು ಸುರಿದ್ರೆ ಮುಚ್ಚಳ ಕೂರ್ತಿರಲಿಲ್ಲ ಕಣಪ್ಪ, ಒತ್ತಿ ಹಾಕ್ಬೇಕಿತ್ತು. ಈಗ ನೋಡು, ಇಲ್ಲಿಗೆ ನಿಂತ್ಕೊಳ್ಳುತ್ತೆ." ಬಾಯಿಯಿಂದ ನಾಲ್ಕು ಬೆರಳು ಕೆಳಗೆ ಉಗುರಿನಿಂದ ಗೀಚಿದ ಒಂದು ಗೆರೆಯಿತ್ತು. "ಅಂಜಿನಮ್ಮನ ಸೇರಿಗೆ ಈಗ ತಲೆನೇ ಇಲ್ಲ. ಅಂಗೈಯಲ್ಲಿ ಸವರಿಬಿಡ್ತಾಳೆ. ಕೊಸರಂತೂ ಆಷಾಢದಲ್ಲೇ ಹೋಯ್ತು."

ನಾನು ಡಬ್ಬದ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಮೂರು ತಿಂಗಳು ನಾನು ಸಂತೆಯಲ್ಲಿ ಹುಡುಕುತ್ತಿದ್ದ ಬೆಲೆಯೇರಿಕೆ ನಾನು ಉಣ್ಣುವ ಮನೆಯ ಅಡುಗೆಕೋಣೆಯಲ್ಲಿ ಕೂತಿತ್ತು. ಬಾಣಂತಿಯೊಬ್ಬಳು ಅದನ್ನು ಉಗುರಿನಲ್ಲಿ ಬರೆದಿಟ್ಟಿದ್ದಳು. ನನ್ನ ಮೂರು ಪೆನ್ಸಿಲ್ಲುಗಳೂ ಬರೆಯದೆ ಬಿಟ್ಟದ್ದನ್ನು.

"ಮೇಸ್ತ್ರಿಗಳಿಗೆ ಹೇಳ್ಬೇಕಿತ್ತಲ್ಲಕ್ಕ."

"ಹೇಳಿಬಿಟ್ಟೀಯ! ಗೊತ್ತಾದ್ರೆ ಅವರೂ ಉಣ್ಣಲ್ಲ. ಆಮೇಲೆ ಈ ಮನೇಲಿ ಹೊಟ್ಟೆತುಂಬ ಉಣ್ಣೋನು ನೀನೊಬ್ಬನೇ ಆಗ್ತೀಯ." ಹೀಗಂದು ತಾವೇ ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ಸಂತೆಯಲ್ಲಿ ಅಂಜಿನಮ್ಮನ ಮುಂದೆ ಹೋಗಿ ನಿಂತೆ. "ಏನಮ್ಮ, ಬೆಲೆ ನಾಲ್ಕಾಣೆ ಅಂತೀಯ, ಗೋಪುರ ಎಲ್ಲಿ ಹೋಯ್ತು?"

ಆಕೆಗೆ ಸಿಟ್ಟು ಬರಲಿಲ್ಲ. "ನೀವು ಯಾವತ್ತು ಗೋಪುರ ಕೇಳಿದ್ರಿ ಸಾಮೀ? ರೇಟು ಕೇಳಿದ್ರಿ, ಹೇಳ್ದೆ. ನನಗೆ ಬರೋದೇ ಕಮ್ಮಿ ಬರ್ತದೆ, ನಾನು ಎಲ್ಲಿಂದ ತರ್ಲಿ? ಒಂದು ಕಾಸು ಏರಿಸಿದ್ರೆ ಈ ಜನ ನನ್ನ ಸೇರು ಕಿತ್ತು ಬಿಸಾಕ್ತಾರೆ. ಕೊಸರು ನಿಲ್ಲಿಸಿದ್ರೆ ಯಾರೂ ಬೈಯಲ್ಲ. ಅದು ನನ್ನ ಕೈಯಿಂದ ಕೊಡೋದು ತಾನೆ? ಕೈ ಸಣ್ಣದಾಯ್ತು ಅಂತ ಸುಮ್ಮನಾಗ್ತಾರೆ."

ಆವತ್ತು ಸಂತೆ ಬೇರೆಯಾಗಿ ಕಂಡಿತು. ಸೊಪ್ಪಿನವಳು ಕಟ್ಟಿನ ಜೊತೆ ಎಸೆಯುತ್ತಿದ್ದ ಕರಿಬೇವು ಇರಲಿಲ್ಲ. ವೀಳ್ಯದೆಲೆಯವನು ಕವಳೆಯ ಕಟ್ಟಿಗೆ ಮೇಲೆ ಸೇರಿಸುತ್ತಿದ್ದ ಎರಡು ಎಲೆ ಇರಲಿಲ್ಲ. ಎಣ್ಣೆಯವನು ಅಳತೆ ಬಗ್ಗಿಸಿದ ಮೇಲೆ ಕೊನೆಯ ತೊಟ್ಟಿಗಾಗಿ ಕಾಯುತ್ತಿರಲಿಲ್ಲ. ಯಾರೂ ಬೆಲೆ ಏರಿಸಿರಲಿಲ್ಲ. ಎಲ್ಲರ ಕೈಯೂ ಒಂದಿಷ್ಟು ಮುದುಡಿತ್ತು, ಅಷ್ಟೆ. ಅಂಜಿನಮ್ಮನಿಂದ ಎಂಟು ಸೇರು ರಾಗಿ ಕೊಂಡು, ಗೂಡಿನ ವ್ಯಾಪಾರಿಯೊಬ್ಬರ ತಕ್ಕಡಿಯಲ್ಲಿ ತೂಗಿಸಿದೆ. ಆಮೇಲೆ ಅಕ್ಕನ ಡಬ್ಬವನ್ನೇ ಹೊತ್ತು ತಂದು ಮೊದಲಿನ ಹಾಗೆ ಅಂಚಿನವರೆಗೆ ತುಂಬಿಸಿ ತೂಗಿಸಿದೆ. ವ್ಯತ್ಯಾಸ ಸಣ್ಣದಾಗಿರಲಿಲ್ಲ.

ಆ ತಿಂಗಳು ನನ್ನ ನೌಕರಿಯಲ್ಲೇ ಮೊದಲ ಸಲ ಷರಾ ಕಾಲಮಿಗೆ ಕೈ ಹಾಕಿದೆ. "ರಾಗಿ: ಬೆಲೆ ಬದಲಾಗಿಲ್ಲ. ಆದರೆ ಕೊಸರು ನಿಂತಿದೆ, ಸೇರಿನ ತಲೆ ಹೋಗಿದೆ. ವಾಸ್ತವದಲ್ಲಿ ಬೆಲೆ ಏರಿದೆ."

ಹತ್ತು ದಿನಕ್ಕೆ ಕೋಲಾರದಿಂದ ಮೇಲಧಿಕಾರಿಗಳೇ ಬಂದಿಳಿದರು. "ಕೊಸರು ಅಂದ್ರೆ ಏನ್ರೀ? ಪುಕ್ಕಟೆ ಕೊಡೋದಕ್ಕೆ ಬೆಲೆ ಉಂಟೇ?" ಎಂದು ಕೇಳಿದರು. "ಬನ್ನಿ ಸಾರ್, ನೀವೇ ನೋಡಿ" ಎಂದು ಸಂತೆಗೆ ಕರೆದುಕೊಂಡು ಹೋದೆ.

ಅಂಜಿನಮ್ಮ ನಮ್ಮನ್ನು ದೂರದಿಂದಲೇ ನೋಡಿದಳು. ಟೊಪ್ಪಿ ಹಾಕಿದ ಸಾಹೇಬರು ಮುಂದೆ, ಬೆವರುತ್ತಿದ್ದ ನಾನು ಹಿಂದೆ. ರೇಟು ಸಾಮಿಗೆ ಏನೋ ಗ್ರಹಚಾರ ಬಂದಿದೆ ಎಂದು ಆಕೆಗೆ ಅನ್ನಿಸಿರಬೇಕು. ಸಾಹೇಬರು ಕರವಸ್ತ್ರ ಬಿಚ್ಚಿ ಹಿಡಿದು "ಒಂದು ಸೇರು ಅಳಿಯಮ್ಮ" ಎಂದರು. ಅಂಜಿನಮ್ಮ ಸೇರನ್ನು ರಾಶಿಗೆ ಹೊಡೆದು ಎತ್ತಿದಳು. ಅಂಥ ಗೋಪುರವನ್ನು ನಾನು ಮೊದಲಿನ ಒಳ್ಳೆಯ ದಿನಗಳಲ್ಲೂ ಕಂಡಿರಲಿಲ್ಲ! ಅದರ ಮೇಲೆ, "ಇದು ದೇವರಿಗೆ, ಇದು ಮನೆಗೆ, ಇದು ಕೂಸಿಗೆ, ಇದು ಸಾಹೇಬರಿಗೆ" ಎಂದು ನಾಲ್ಕು ಹಿಡಿ ಹಾಕಿದಳು. ರಾಗಿ ಕರವಸ್ತ್ರದಿಂದ ಚೆಲ್ಲಿ ಸಾಹೇಬರ ಬೂಟಿನ ಮೇಲೆ ಬಿತ್ತು.

ಸಾಹೇಬರು ನನ್ನ ಕಡೆ ತಿರುಗಿದರು. "ಮದುವೆ ಆಗಿದೆಯೇನ್ರೀ?"

"ಇಲ್ಲ ಸಾರ್."

"ಬೇಗ ಆಗಿ. ತಲೆ ಖಾಲಿ ಇದ್ರೆ ಹೀಗೆಲ್ಲ ಹೊಳೆಯುತ್ತೆ." ಅಲ್ಲೇ ನಿಂತು ಕೆಂಪು ಶಾಯಿಯಲ್ಲಿ ನನ್ನ ಷರಾ ಹೊಡೆದುಹಾಕಿ, 'ಬದಲಾವಣೆ ಇಲ್ಲ' ಎಂದು ಬರೆದು ಹೋದರು.

ಅವರು ಮರೆಯಾದ ಮೇಲೆ ಅಂಜಿನಮ್ಮ ಹಲ್ಲು ಬಿಟ್ಟು ಕೇಳಿದಳು: "ಹೆಂಗೆ ಸಾಮೀ, ನಿಮ್ಮ ಮರ್ಯಾದೆ ಉಳಿಸಿದ್ನಾ?"

"ಉಳಿಸ್ದೆ ತಾಯಿ" ಎಂದೆ. ಇನ್ನೇನು ಹೇಳಲಿ? ಚೆಲ್ಲಿದ ರಾಗಿಯನ್ನು ಆಕೆ ಒಂದೊಂದೇ ಕಾಳು ಆರಿಸಿ ರಾಶಿಗೆ ಹಾಕಿಕೊಳ್ಳುತ್ತಿದ್ದಳು. ಅಷ್ಟು ಉದಾರಿಯಾಗುವುದು ಆಕೆಗೂ ದುಬಾರಿಯೇ ಆಗಿತ್ತು.

ಇನ್ನು ಮನೆಯಲ್ಲಾದರೂ ಸರಿಮಾಡಬೇಕಲ್ಲ. ತಿಂಗಳ ಊಟದ ಹಣದ ಜೊತೆ ಮೇಲೊಂದಿಷ್ಟು ಇಟ್ಟೆ. ವೆಂಕಟರಮಣಪ್ಪನವರು ಎಣಿಸಿ, ಹೆಚ್ಚಿನದನ್ನು ಹಿಂದಕ್ಕೆ ತಳ್ಳಿದರು. "ಕಾಗದದಲ್ಲಿ ಏರಿದೆಯಾ?"

"ಕಾಗದದಲ್ಲಿ ಇಲ್ಲ, ಆದರೆ..."

"ಹಂಗಾದ್ರೆ ಬೇಡ. ಮಾತು ಅಂದ್ರೆ ಮಾತು."

ಅಕ್ಕ ಬಾಗಿಲ ಮರೆಯಿಂದ ನನ್ನನ್ನು ದಿಟ್ಟಿಸುತ್ತಿದ್ದರು. ತೊಟ್ಟಿಲಲ್ಲಿ ಬೆಕ್ಕಿನ ಮರಿಯ ಅಳು. ಆಗ ನನ್ನ ಬಾಯಿಯಿಂದ ಒಂದು ಸುಳ್ಳು ಹೊರಬಿತ್ತು. ಅಷ್ಟು ಸಲೀಸಾದ ಸುಳ್ಳನ್ನು ಆಮೇಲೆ ಎಂದೂ ಹೇಳಲಾಗಿಲ್ಲ.

"ಇನ್ನೊಂದು ವಿಷಯ ಮೇಸ್ತ್ರಿಗಳೇ. ಇನ್ಮೇಲೆ ನಾನು ವಾರಕ್ಕೆ ಎರಡು ಸೇರು ರಾಗಿ ಸ್ಯಾಂಪಲ್ ಕೊಂಡು ತೂಕ ಹಾಕಬೇಕಂತೆ. ತೂಗಿದ ಮೇಲೆ ಆಫೀಸಿಗೆ ಅದು ಬೇಡ. ಇಲ್ಲೇ ಬಳಸಿಕೊಳ್ಳಬಹುದು."

"ಸರ್ಕಾರದ ಮಾಲನ್ನ ಮನೇಲಿ ಉಣ್ಣೋದಾ? ಆರ್ಡರ್ ಇದೆಯಾ?"

"ಬರುತ್ತೆ" ಎಂದೆ.

ಬಂತು. ಬರೆದವನು ನಾನೇ. ಆಫೀಸಿನ ಕಾಗದವೊಂದನ್ನು ತೆಗೆದು ಹೀಗೆ ಬರೆದೆ: "ತೂಕದ ಪರಿಶೀಲನೆಗಾಗಿ ಕೊಂಡ ರಾಗಿಯ ಮಾದರಿಯನ್ನು, ಪರಿಶೀಲನೆ ಮುಗಿದ ಕೂಡಲೇ, ವ್ಯರ್ಥವಾಗದಂತೆ, ಬೆಲೆ ಗುಮಾಸ್ತರು ಊಟ ಮಾಡುವ ಮನೆಯಲ್ಲಿ ದಯವಿಟ್ಟು ವಿಲೇವಾರಿ ಮಾಡತಕ್ಕದ್ದು." ಕೆಳಗೆ ಬಾಲ ಉದ್ದವಾದ ಒಂದು ಸಹಿ. ವೆಂಕಟರಮಣಪ್ಪನವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ನನ್ನ ಮುಖ ನೋಡಿದರು. ಮಡಿಸಿ ಪೆಟ್ಟಿಗೆಯಲ್ಲಿಟ್ಟರು. "ಸರಿ, ಆರ್ಡರ್ ಅಂದ್ಮೇಲೆ ಆರ್ಡರ್" ಎಂದರು.

ಅಂದಿನಿಂದ ವಾರಕ್ಕೆರಡು ಸೇರು ನನ್ನ ಸಂಬಳದಿಂದ ಡಬ್ಬಕ್ಕೆ ಬಿತ್ತು. ಕಾರ್ತೀಕದ ಹೊತ್ತಿಗೆ ತೊಟ್ಟಿಲಿನ ಅಳು ಜೋರಾಯಿತು. ಬೀದಿಗೆ ಕೇಳುವಂಥ, ಹೊಟ್ಟೆ ತುಂಬಿದ ಮಗುವಿನ ಹಟದ ಅಳು. ಅಷ್ಟು ಇಂಪಾದ ಗಲಾಟೆಯನ್ನು ನಾನು ಕೇಳಿರಲಿಲ್ಲ. ಆದರೆ ಸರ್ಕಾರದ ಹೆಸರಿನಲ್ಲಿ ಸುಳ್ಳು ಆದೇಶ ಬರೆದವನೆಂಬ ಭಯ ಆವತ್ತೇ ಒಳಗೆ ಸೇರಿತು. ಬೀದಿಯಲ್ಲಿ ಖಾಕಿ ಕಂಡರೆ ಸಂದಿಗೆ ತಿರುಗುತ್ತಿದ್ದೆ. ಎರಡು ಸೇರು ರಾಗಿಗೆ ಎಷ್ಟು ವರ್ಷ ಶಿಕ್ಷೆಯಾಗಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ತಡವಾಗಿಯಾದರೂ ಹಿಂಗಾರು ಒಂದಿಷ್ಟು ಸುರಿಯಿತು. ಪುಷ್ಯದಲ್ಲಿ ಹೊಸ ರಾಗಿ ಸಂತೆಗೆ ಬಂದಾಗ ಅಂಜಿನಮ್ಮನ ಸೇರಿನ ಮೇಲೆ ಮತ್ತೆ ಗೋಪುರ ಎದ್ದಿತು. ಬೆಲೆ ಅದೇ ನಾಲ್ಕಾಣೆ. ನನ್ನ ಕಾಗದಗಳ ಪ್ರಕಾರ ಆ ವರ್ಷ ಶಿಡ್ಲಘಟ್ಟದಲ್ಲಿ ಏನೂ ನಡೆಯಲೇ ಇಲ್ಲ. ಫಾಲ್ಗುಣದಲ್ಲಿ ನನಗೆ ವರ್ಗವಾಯಿತು. ಪೆಟ್ಟಿಗೆಯಲ್ಲಿದ್ದ ಆ ಕಾಗದವನ್ನು ವಾಪಸ್ಸು ಕೇಳುವ ಧೈರ್ಯವಾಗಲಿಲ್ಲ. ಹೊರಟುಬಿಟ್ಟೆ.

ಬಾಳೆಗೊನೆ ಹಿಡಿದು ಆ ಬಾಗಿಲಲ್ಲಿ ನಿಂತಾಗ ವೆಂಕಟರಮಣಪ್ಪನವರು ಕನ್ನಡಕ ಏರಿಸಿ ನೋಡಿದರು. ತಲೆ ಪೂರಾ ಬೆಳ್ಳಗಾಗಿತ್ತು. "ಲಕ್ಷ್ಮೀ, ಯಾರು ಬಂದಿದಾರೆ ನೋಡೇ! ಗುಮಾಸ್ತರು!" ಅಕ್ಕ ಓಡಿ ಬಂದರು; ಬಂದವರೇ ಬೈಯತೊಡಗಿದರು. "ಹದಿಮೂರು ವರ್ಷ ಆಯ್ತಲ್ಲೋ, ಒಂದು ಕಾರ್ಡ್ ಹಾಕೋಕೂ ಆಗಲಿಲ್ವೇನೋ ನಿನಗೆ?" ಕೂತು ನೀರು ಕುಡಿದ ಮೇಲೆ, ತಡೆಯಲಾರದೆ, ಆ ಕಾಗದದ ವಿಷಯ ಕೇಳಿಯೇಬಿಟ್ಟೆ.

ವೆಂಕಟರಮಣಪ್ಪನವರು ನಗುತ್ತ ಎದ್ದು ಪೆಟ್ಟಿಗೆಯಿಂದ ಅದನ್ನು ತಂದರು. ಮಡಿಕೆಯಲ್ಲಿ ಹರಿದಿತ್ತು. "ಇದಕ್ಕೋಸ್ಕರ ಬರಲಿಲ್ವಾ ನೀವು? ಅಯ್ಯೋ ದೇವರೇ! ಓದಿದ ದಿನಾನೇ ಗೊತ್ತಾಯ್ತು ಗುಮಾಸ್ತರೇ, ಇದು ನಿಮ್ಮದೇ ಅಂತ. ಇದರಲ್ಲಿ 'ದಯವಿಟ್ಟು' ಅಂತಿದೆ. ಸರ್ಕಾರ ಯಾವತ್ತಾದ್ರೂ ದಯವಿಟ್ಟು ಅಂದಿದೆಯಾ?"

ಅವರ ದನಿ ತಗ್ಗಿತು. "ಇಷ್ಟು ಪುಕ್ಕಲು ಮನುಷ್ಯ ಇಂಥ ಕೆಲಸಕ್ಕೆ ಕೈ ಹಾಕಬೇಕಾದ್ರೆ ನನ್ನ ಮನೇಲಿ ಏನೋ ನಡೀತಿರಬೇಕು ಅನ್ನಿಸ್ತು. ಆವತ್ತು ಶೆಡ್ಡಿಗೆ ಹೊರಟೋನು ನಾನೂ ತಿರುಗಿ ಬಂದು ಇವಳ ತಟ್ಟೆ ನೋಡ್ದೆ. ಆಮೇಲೆ ಆರ್ಡರ್ ಪಾಲಿಸಿದ್ದು ಅದಕ್ಕೇ."

ಅಷ್ಟರಲ್ಲಿ ಉದ್ದ ಜಡೆಯ ಹುಡುಗಿಯೊಬ್ಬಳು ಸ್ಕೂಲಿನ ಚೀಲ ಬೀಸಿಕೊಂಡು ಒಳಗೆ ಬಂದಳು. ಗಟ್ಟಿಮುಟ್ಟಾದ ಹುಡುಗಿ, ದನಿಯೂ ಗಟ್ಟಿ. ಅಕ್ಕ ಅಡುಗೆಮನೆಯಿಂದ ಕೂಗಿದರು. "ಸ್ಯಾಂಪ್ಲೂ, ಕೈಕಾಲು ತೊಳ್ಕೊಂಡು ಮಾಮಂಗೆ ತಟ್ಟೆ ಹಾಕೇ!"

"ಏನಂದ್ರಿ?" ಎಂದೆ.

"ಸ್ಕೂಲಲ್ಲಿ ಗಾಯತ್ರಿ. ಮನೇಲೂ ಬೀದೀಲೂ ಅವಳನ್ನ ಹಂಗೇ ಕರೆಯೋದು" ಎಂದರು ವೆಂಕಟರಮಣಪ್ಪನವರು. ಹುಡುಗಿ ಮೂತಿ ತಿರುವಿದಳು. "ಯಾಕೆ ಆ ಹೆಸರು ಅಂತ ಯಾರೂ ಹೇಳಲ್ಲ ಮಾಮ, ನೀವಾದ್ರೂ ಹೇಳಿ."

ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ನನ್ನ ತಟ್ಟೆಗೆ ಎರಡು ದೊಡ್ಡ ಮುದ್ದೆ ಬಿದ್ದವು, ಬಿಸಿ ಬಸ್ಸಾರು ಬಿತ್ತು. ನಾನು ಕೈ ಹಾಕಲಿಲ್ಲ. ಈಗ ಸೇರಿಲ್ಲ, ಕಿಲೋ ಬಂದಿದೆ; ತಕ್ಕಡಿಯ ಮುಳ್ಳಿಗೆ ಸರಿಯಾಗಿ ಕೊಡುತ್ತಾರೆ, ಕೊಸರಿನ ಮಾತೇ ಇಲ್ಲ. ಹಾಗಾದರೆ ಈಗ ಏರಿಕೆ ಎಲ್ಲಿ ಅಡಗಿ ಕೂತಿರುತ್ತದೋ ಎಂದುಕೊಂಡು, ನನಗೇ ತಿಳಿಯದ ಹಾಗೆ, ಮೆಲ್ಲಗೆ ಅಕ್ಕನ ತಟ್ಟೆಯ ಕಡೆ ಕಣ್ಣು ಹಾಯಿಸಿದೆ.

ಅಕ್ಕ ನೋಡಿಬಿಟ್ಟರು. ಸೆರಗು ಸರಿಸಿ, ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿದರು.

"ಎರಡಿದೆ ಕಣಪ್ಪ. ಬರ್ಕೋ."